ತೊಗಲಿನೊಳಗಿನ ಮೂರೆಳೆ ಹಗ್ಗ

ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿಗಳ ಕಡೆ ಕೈಯಿಂದ ಹೊಲಿದ ಚಪ್ಪಲಿಗಳು ಕಾಗವಾಡ ದಾಟಿ ಗಡಿಯಾಚೆ ಹೋದವೆಂದರೆ ‘ಕೊಲ್ಹಾಪುರಿ’ ಆಗುತ್ತವೆ. ಹೆಸರು ಒಂದು ಊರಿನದು, ಬೆವರು ಎರಡೂ ಕಡೆಯದು. ಹಸಿ ತೊಗಲನ್ನು ಹಾಗೇ ಬಿಟ್ಟರೆ ಕೊಳೆಯುತ್ತದೆ. ಅದನ್ನೇ ಜಾಲಿ ತೊಗಟೆ, ಅಳಲೆಕಾಯಿಗಳ ನೀರಿನಲ್ಲಿ ಹದ ಮಾಡಿದರೆ ವರ್ಷಗಟ್ಟಲೆ ಕಲ್ಲುಮುಳ್ಳು ತುಳಿಯುತ್ತದೆ. ತೊಗಟೆಯ ಒಗರು, ಅಂದರೆ ಟ್ಯಾನಿನ್, ತೊಗಲಿನ ಕೊಲ್ಯಾಜನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಕೊಳೆಯಗೊಡುವುದಿಲ್ಲ.

ಈ ಕೊಲ್ಯಾಜನ್ ನಮ್ಮ ಚರ್ಮ, ಸ್ನಾಯುರಜ್ಜು, ಮೃದ್ವಸ್ಥಿ, ಎಲುಬುಗಳಲ್ಲಿಯೂ ಇದೆ. ಬೇಕಾದರೆ ಮನೆಯಲ್ಲಿ ಪರೀಕ್ಷಿಸಿ ನೋಡಿರಿ. ಕೋಳಿಯ ಕಾಲೆಲುಬನ್ನು ಕೆಲವು ದಿನ ವಿನೆಗರ್‌ನಲ್ಲಿ ಮುಳುಗಿಸಿಡಿ. ಸುಣ್ಣದ ಅಂಶ ಕರಗಿ ಹೋಗಿ ಎಲುಬು ರಬ್ಬರಿನಂತೆ ಬಾಗುತ್ತದೆ. ಹಾಗೆ ಬಾಗುವ ಭಾಗವೇ ಬಹುಮಟ್ಟಿಗೆ ಕೊಲ್ಯಾಜನ್. ಅದು ಇಲ್ಲದಿದ್ದರೆ ಎಲುಬು ಸೀಮೆಸುಣ್ಣದ ತುಂಡಿನಂತೆ ಪಟ್ಟನೆ ಮುರಿಯುತ್ತಿತ್ತು.

ಇದರ ರಚನೆ ಹೇಗಿದೆ ಎಂಬುದು 1950ರ ಸುಮಾರಿಗೆ ದೊಡ್ಡ ಒಗಟಾಗಿತ್ತು. ಅದನ್ನು ಬಿಡಿಸಿದವರು ಜಿ.ಎನ್. ರಾಮಚಂದ್ರನ್. 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರು. 1952ರಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಮದರಾಸಿನಲ್ಲಿಯೇ ಇದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ಸ್ನಾಯುರಜ್ಜು ತರಿಸಿಕೊಂಡು, ಗೋಪಿನಾಥ ಕರ್ತಾ ಅವರೊಂದಿಗೆ ಕ್ಷ-ಕಿರಣ ಚಿತ್ರ ತೆಗೆದು, ಲೆಕ್ಕ ಹಾಕುತ್ತ ಕುಳಿತರು. 1954ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಎರಡೇ ಪುಟ. ಯಾರು ಎಷ್ಟು ಲೇಖನ ಬರೆದರೆಂದು ಎಣಿಸುವ ಈ ಕಾಲದಲ್ಲಿ ಅಂಥದ್ದು ಎಣಿಕೆಗೇ ಸಿಗಲಿಕ್ಕಿಲ್ಲ!

ಕೊಲ್ಯಾಜನ್‌ನಲ್ಲಿ ಮೂರು ಎಳೆಗಳಿವೆ ಎಂಬುದು ಅವರ ಮಾತು. ಪ್ರತಿ ಮೂರನೆಯ ಅಮೈನೊ ಆಮ್ಲ ಗ್ಲೈಸಿನ್ ಆಗಿರುವುದೇಕೆ ಎಂಬುದು ಇದರಿಂದ ತಿಳಿಯಿತು. ಮೂರೆಳೆಗಳು ಕೂಡುವ ನಡುವಿನ ಇಕ್ಕಟ್ಟಿನಲ್ಲಿ ಅತಿ ಚಿಕ್ಕದಾದ ಗ್ಲೈಸಿನ್ ಮಾತ್ರ ಹಿಡಿಸುತ್ತದೆ. ಒಂದೊಂದು ಎಳೆಯಲ್ಲಿ ಸಾವಿರದಷ್ಟು ಅಮೈನೊ ಆಮ್ಲಗಳು. ಅವುಗಳಲ್ಲಿ ಒಂದೇ ಒಂದು ಗ್ಲೈಸಿನ್ನಿನ ಜಾಗದಲ್ಲಿ ದೊಡ್ಡದೊಂದು ಬಂದು ಕುಳಿತರೂ ಹಗ್ಗದ ಹೊಸೆತ ಕೆಡಬಹುದು. ಸಣ್ಣ ಪೆಟ್ಟಿಗೂ ಮಕ್ಕಳ ಎಲುಬು ಮುರಿಯುವ ಒಂದು ಹುಟ್ಟುರೋಗಕ್ಕೆ ಎಷ್ಟೋ ಸಲ ಇದೇ ಕಾರಣ.

1955ರಲ್ಲಿ ರಾಮಚಂದ್ರನ್ ತಮ್ಮ ಮಾದರಿಯನ್ನು ತಾವೇ ತಿದ್ದಿದರು. ಒಂದೊಂದು ಎಳೆಯೂ ಮೊದಲೇ ಸುರುಳಿ. ಆ ಮೂರನ್ನೂ ಹಗ್ಗದಂತೆ ಮತ್ತೆ ಹೊಸೆದಿದೆ ಎಂದರು. ಅದೇ ವರ್ಷ ಅಲೆಕ್ಸಾಂಡರ್ ರಿಚ್ ಮತ್ತು ಡಿಎನ್‌ಎ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್ ಆಕ್ಷೇಪ ಎತ್ತಿದರು. ಮೂರೆಳೆ ಸರಿ, ಆದರೆ ನಿಮ್ಮ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ. ಎಳೆಗಳನ್ನು ಕಟ್ಟುವ ಹೈಡ್ರೋಜನ್ ಬಂಧವೂ ಮೂರು ಅಮೈನೊ ಆಮ್ಲಗಳಿಗೆ ಎರಡಲ್ಲ, ಒಂದೇ ಎಂಬುದು ಅವರ ವಾದ.

ಕ್ರಿಕ್‌ರಂಥವರು ತಪ್ಪು ತೋರಿಸಿದರೆ ಬಾಯಿ ಮುಚ್ಚುವವರೇ ಹೆಚ್ಚು. ರಾಮಚಂದ್ರನ್ ಕೇಳಿಕೊಂಡದ್ದು ಬೇರೆಯೇ ಪ್ರಶ್ನೆ: ಪರಮಾಣುಗಳು ಎಷ್ಟು ಹತ್ತಿರ ಬಂದರೆ ‘ಅತಿ ಹತ್ತಿರ’? ಈಗಾಗಲೇ ತಿಳಿದಿದ್ದ ಸಣ್ಣ ಹರಳುಗಳ ರಚನೆಗಳನ್ನು ಒಂದೊಂದಾಗಿ ಹುಡುಕಿ, ಯಾವ ಜೋಡಿ ಎಷ್ಟು ಸಮೀಪ ಬರಬಲ್ಲದೆಂಬ ಪಟ್ಟಿ ಮಾಡಿದರು. ಪ್ರೋಟೀನ್ ಸರಪಳಿಯ ಪ್ರತಿ ಕೊಂಡಿಯಲ್ಲಿ ತಿರುಗುವ ಕೀಲುಗಳು ಮುಖ್ಯವಾಗಿ ಎರಡು. ಎರಡನ್ನೂ ಎಲ್ಲ ಕೋನಗಳಿಗೆ ತಿರುಗಿಸಿದಂತೆ ಲೆಕ್ಕ ಹಾಕಿದರೆ, ಬಹುತೇಕ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಉಳಿಯುವುದು ಕೆಲವೇ ತುಣುಕು ಜಾಗ. ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅವರೊಡನೆ 1963ರಲ್ಲಿ ಐದು ಪುಟಗಳಲ್ಲಿ ಪ್ರಕಟಿಸಿದ ಆ ನಕ್ಷೆಯೇ ‘ರಾಮಚಂದ್ರನ್ ನಕ್ಷೆ’. ಜಗತ್ತಿನಲ್ಲಿ ಎಲ್ಲಿ ಯಾರು ಹೊಸ ಪ್ರೋಟೀನಿನ ರಚನೆ ಕಂಡುಹಿಡಿದರೂ ಇಂದಿಗೂ ಅದನ್ನು ಈ ನಕ್ಷೆಯ ಮೇಲಿಟ್ಟು ಪರೀಕ್ಷಿಸುತ್ತಾರೆ. ಮುಂದೆ ಬೆಂಗಳೂರಿಗೆ ಮರಳಿ, ತಾವು ಕಲಿತ ಸಂಸ್ಥೆಯಲ್ಲಿಯೇ ಅಣು ಜೀವಭೌತ ವಿಭಾಗ ಕಟ್ಟಿದರು. 1977ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂತು. ನೊಬೆಲ್ ಬರಲಿಲ್ಲ, 2001ರಲ್ಲಿ ಅವರು ತೀರಿಕೊಂಡರು.

ಆ ಹಳೆಯ ವಾದದ ತೀರ್ಮಾನ 1994ರಲ್ಲಿ ಆಯಿತು. ಕೊಲ್ಯಾಜನ್‌ನಂಥದೇ ಚಿಕ್ಕ ಅಣುವಿನ ಹರಳು ಮಾಡಿ ಅಮೆರಿಕದ ವಿಜ್ಞಾನಿಗಳು ನೋಡಿದಾಗ ಮೂರೆಳೆಯ ಹಗ್ಗ ಸ್ಪಷ್ಟವಾಗಿ ಕಂಡಿತು. ನೇರ ಹೈಡ್ರೋಜನ್ ಬಂಧ ಮಾತ್ರ ಕ್ರಿಕ್ ಹೇಳಿದಂತೆ ಒಂದೇ. ಎಳೆಗಳ ನಡುವೆ ನೀರಿನ ಅಣುಗಳು ನಿಂತು ಅವನ್ನು ಹಿಡಿದುಕೊಂಡಿದ್ದೂ ಆಗ ಕಂಡುಬಂದಿತು.