ಮೂವತ್ತೆರಡು ಹಲ್ಲಿಗೆ ಎಂಟು ವರ್ಷದ ಓದು

ಮಕ್ಕಳೇ, ದೊಡ್ಡವರ ಬಾಯಲ್ಲಿ ಇರುವುದು ಹೆಚ್ಚೆಂದರೆ 32 ಹಲ್ಲು. ಅವನ್ನು ನೋಡಿಕೊಳ್ಳಲು ಎಷ್ಟು ವರ್ಷ ಓದಬೇಕು, ಹೇಳಿ ನೋಡೋಣ?

ಪಿ.ಯು.ಸಿ. ಆದ ಮೇಲೆ ಬಿ.ಡಿ.ಎಸ್. ಸೇರಿದರೆ 4 ವರ್ಷ ಪಾಠ, 1 ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಇಷ್ಟಾದರೆ ಹಲ್ಲಿನ ಡಾಕ್ಟರು. ಇನ್ನೂ ಆಳವಾಗಿ ಕಲಿಯಬೇಕೆಂದರೆ ಮತ್ತೊಂದು ಪ್ರವೇಶ ಪರೀಕ್ಷೆ ಬರೆದು 3 ವರ್ಷದ ಎಂ.ಡಿ.ಎಸ್. ಮಾಡಬೇಕು. ಕೂಡಿದರೆ 8 ವರ್ಷ. ಅಂದರೆ ಒಂದೊಂದು ಹಲ್ಲಿಗೆ ಮೂರು ಮೂರು ತಿಂಗಳು!

ನಮ್ಮ ದೇಶದ ಮೊದಲ ದಂತ ಕಾಲೇಜನ್ನು 1920ರಲ್ಲಿ ಕೋಲ್ಕತ್ತಾದಲ್ಲಿ ತೆರೆದವರು ಡಾ. ರಫಿಯುದ್ದೀನ್ ಅಹಮದ್. ಈಗ ಎಂ.ಡಿ.ಎಸ್.ನಲ್ಲಿ 9 ವಿಭಾಗಗಳಿವೆ. ವಕ್ರ ಹಲ್ಲಿಗೆ ಕ್ಲಿಪ್ ಹಾಕುವವರು ಬೇರೆ, ಒಸಡು ನೋಡುವವರು ಬೇರೆ, ರೂಟ್ ಕೆನಾಲ್ ಮಾಡುವವರು ಬೇರೆ, ಮುರಿದ ದವಡೆ ಕೂಡಿಸುವವರು ಬೇರೆ. ನಮಗೆ ನಿಮಗೆ ಹೆಚ್ಚು ಬೇಕಾದ ಮೂವರ ವಿಷಯ ಹೇಳುತ್ತೇನೆ.

ಮೊದಲನೆಯವರು ಮಕ್ಕಳ ಹಲ್ಲಿನ ತಜ್ಞರು. ಹೆದರಿದ ಮಗುವನ್ನು ಒಲಿಸಿಕೊಳ್ಳುವುದೂ ಅವರಿಗೆ ಒಂದು ಪಾಠ. ಏನು ಮಾಡುತ್ತೇನೆಂದು ಮೊದಲು ಹೇಳಬೇಕು, ಆಮೇಲೆ ತೋರಿಸಬೇಕು, ಕೊನೆಗೆ ಮಾಡಬೇಕು. ಹಾಲುಹಲ್ಲು 20. “ಹೇಗೂ ಬೀಳೋ ಹಲ್ಲು ತಾನೆ, ಹುಳುಕಾದರೇನು?” ಎಂದು ನಾವು ಹಿರಿಯರು ಸುಮ್ಮನಾಗುತ್ತೇವೆ. ಆದರೆ ಹಿಂದಿನ ಹಾಲುಹಲ್ಲುಗಳು 10-12 ವರ್ಷದವರೆಗೆ ಇರಬೇಕಾದವು. ಅವು ಬೇಗ ಹೋದರೆ ಅಕ್ಕಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತವೆ. ಕೆಳಗಿನಿಂದ ಬರುವ ಹೊಸ ಹಲ್ಲಿಗೆ ಜಾಗ ಸಾಲದೆ ಅದು ಸೊಟ್ಟಗೆ ಹುಟ್ಟುತ್ತದೆ.

ಎರಡನೆಯವರು ಹಲ್ಲು ಕಟ್ಟುವ ತಜ್ಞರು. ಹಲ್ಲು ಬಿದ್ದ ಮೇಲೆ ದವಡೆಯ ಮೂಳೆ ನಿಧಾನವಾಗಿ ಸವೆಯುತ್ತದೆ. ಅದಕ್ಕೇ ಹಳೆಯ ಹಲ್ಲುಸೆಟ್ಟು ಸಡಿಲವಾಗುವುದು. ಅದನ್ನು ಡಬ್ಬಿಯಲ್ಲಿಟ್ಟು ಬರೀ ಗಂಜಿ ಕುಡಿಯುತ್ತಾ ಕೂರುವ ಬದಲು ತೋರಿಸಿ ಸರಿ ಮಾಡಿಸಿಕೊಳ್ಳಬಹುದು.

ಮೂರನೆಯವರನ್ನು ನಾವು ಕಾಣುವುದೇ ಅಪರೂಪ. ಬಾಯಿಂದ ತೆಗೆದ ಚಿಕ್ಕ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದು ಕ್ಯಾನ್ಸರೋ ಅಲ್ಲವೋ ಎಂದು ಹೇಳುವವರು ಅವರು. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಹಾಕುವವರು ಇದನ್ನು ಗಮನವಿಟ್ಟು ಓದಬೇಕು. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೊದಲಿನಷ್ಟು ಅಗಲವಾಗಿ ತೆರೆಯದ ಬಾಯಿ ಇದ್ದರೆ ತಡಮಾಡಬಾರದು. ಮೊದಮೊದಲು ನೋವೇ ಇರುವುದಿಲ್ಲ, ಮೋಸವಾಗುವುದೇ ಅಲ್ಲಿ. ಬೇಗ ತಿಳಿದರೆ ಗುಣವಾಗುವ ಸಾಧ್ಯತೆ ಹೆಚ್ಚು.

ಖರ್ಚಿಗೆ ಹೆದರುವವರಿಗೆ ಒಂದು ಮಾತು. ದಂತ ಕಾಲೇಜುಗಳ ಆಸ್ಪತ್ರೆಯಲ್ಲಿ ಎಂ.ಡಿ.ಎಸ್. ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲೇ ಚಿಕಿತ್ಸೆ ಕೊಡುತ್ತಾರೆ. ಹೊರಗಿನ ಕ್ಲಿನಿಕ್ಕಿಗಿಂತ ಸಾಮಾನ್ಯವಾಗಿ ಖರ್ಚು ಕಡಿಮೆ. ಸಮಯ ಮಾತ್ರ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ಕಾಲೇಜೇ ಇದೆ.

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ಬ್ಯಾಟರಿ ಹಿಡಿದು ಅಜ್ಜ-ಅಜ್ಜಿಯ ಬಾಯಿ ನೋಡಿ. ಆಮೇಲೆ ನಿಮ್ಮ ಬಾಯಿ ತೆರೆದು ಅವರಿಗೆ ತೋರಿಸಿ. ಏನಾದರೂ ಕಂಡರೆ ಇಬ್ಬರೂ ಕೂಡಿಯೇ ಡಾಕ್ಟರ ಹತ್ತಿರ ಹೋಗಿ.