ಅಯ್ಯನವರ ಜೋಳಿಗೆಯಲ್ಲಿ ಬೇಡ ಜಂಗಮರ ಪಾಲು





ವಚನಕಾರರಲ್ಲಿ ಜಂಗಮವೆಂಬುದು ಕುಲವಾಚಕವಲ್ಲ. ಅದು ಅರಿವಿಗೆ, ಆಚರಣೆಗೆ, ನಿಲ್ಲದ ಚಲನೆಗೆ ಇಟ್ಟ ಹೆಸರು. ಅಂಥ ಪದವಿಂದು ತಹಶೀಲ್ದಾರರ ಕಚೇರಿಯ ಅರ್ಜಿ ನಮೂನೆಯಲ್ಲಿ ಸಿಕ್ಕಿಬಿದ್ದಿದೆ. ಹೊಲ, ವಿದ್ಯೆ, ಊರಿನ ಮನ್ನಣೆ ಎಲ್ಲವೂ ಉಳ್ಳ ವೀರಶೈವ ಅಯ್ಯನವರ ಮನೆತನಗಳಲ್ಲಿ ಕೆಲವರು ತಮ್ಮನ್ನು ಪರಿಶಿಷ್ಟ ಜಾತಿಯ ಬೇಡ ಜಂಗಮರೆಂದು ಬರೆಯಿಸಿಕೊಳ್ಳುತ್ತಿದ್ದಾರೆ.

ಈ ಗೊಂದಲದ ಬೀಜ ಬಿದ್ದದ್ದು ಬ್ರಿಟಿಷರ ಜನಗಣತಿಯಲ್ಲಿ. 1901ರಲ್ಲಿ ರಿಸ್ಲೆ ಎಂಬ ಅಧಿಕಾರಿ ಜಾತಿಗಳನ್ನು ಮೇಲು ಕೀಳೆಂದು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಲು ಹೊರಟ. ಅದಕ್ಕೂ ಮೊದಲೇ, ಮೈಸೂರು ಸೀಮೆಯಲ್ಲಿ ತಮ್ಮನ್ನು ಶೂದ್ರರೆಂದು ಬರೆದುದಕ್ಕೆ ಸಿಡಿದ ಸಮಾಜದ ಮುಖಂಡರು ವೀರಶೈವ ಬ್ರಾಹ್ಮಣರೆಂದು ದಾಖಲಿಸಬೇಕೆಂದು ಪಟ್ಟು ಹಿಡಿದಿದ್ದರು. (ಬ್ರಾಹ್ಮಣ್ಯವನ್ನೇ ತೊರೆದು ಬಂದ ಬಸವಣ್ಣನವರ ಹೆಸರಿನಲ್ಲಿ!) ಅಂದು ಅಜ್ಜಂದಿರು ಬೇಡಿದ್ದು ಮೇಲಿನ ಮೆಟ್ಟಿಲು, ಇಂದು ಮೊಮ್ಮಕ್ಕಳು ಬೇಡುತ್ತಿರುವುದು ಕೆಳಗಿನವರಿಗೆ ಮೀಸಲಾದ ಅನ್ನ. 1935ರ ಕಾಯಿದೆಯಿಂದ ಬಂದ ಪರಿಶಿಷ್ಟ ಪಟ್ಟಿಯ ಪದ್ಧತಿ 1950ರ ರಾಷ್ಟ್ರಪತಿಗಳ ಆದೇಶದಲ್ಲಿಯೂ ಮುಂದುವರಿಯಿತು. ಪಟ್ಟಿಯಲ್ಲಿ ಜಾತಿಯ ಹೆಸರಿದೆ, ಅದರ ಬಾಳಿನ ವಿವರವಿಲ್ಲ. 1976ರ ಕಾಯಿದೆ ಪ್ರಾದೇಶಿಕ ಮಿತಿಗಳನ್ನು ತೆಗೆದ ಮೇಲೆ ಹೆಸರಿನ ಹೋಲಿಕೆಯೇ ಕೆಲವರಿಗೆ ಬಂಡವಾಳವಾಯಿತು.

"ಬೇಡ ಎಂದರೆ ಬೇಡುವವನು; ನಮ್ಮ ಹಿರಿಯರೂ ಕಂತಿಭಿಕ್ಷೆ ಬೇಡಿದವರೇ" ಎಂಬ ವಾದವಿದೆ. ಇದು ವ್ಯಾಕರಣದ ಜಾಣತನ. ಅಯ್ಯನವರು ಭಿಕ್ಷೆಗೆ ಬಂದರೆ ಗೃಹಸ್ಥರು ಪಾದ ತೊಳೆದು, ನಮಸ್ಕರಿಸಿ ನೀಡುತ್ತಿದ್ದರು. ಹಗಲುವೇಷ ಕಟ್ಟಿ, ಕಥೆ ಹಾಡಿ ಊರೂರು ಅಲೆದ ಬುಡ್ಗ ಜಂಗಮರಿಗೆ ಹೊಸ್ತಿಲಾಚೆಯೇ ನಿಂತು ಹಳಸಿದ್ದನ್ನು ಪಡೆಯುವ ಪಾಡು. ಎರಡೂ ಬೇಡುವಿಕೆ ಒಂದೇ ಎನ್ನುವವರು ಒಮ್ಮೆ ಆ ಹೊಸ್ತಿಲಾಚೆ ನಿಂತು ನೋಡಲಿ.

ಪೌರೋಹಿತ್ಯದ ಪುಡಿಗಾಸಿನಲ್ಲಿ ಬದುಕುವ ಬಡ ಅಯ್ಯನವರೂ ಇದ್ದಾರೆ, ನಿಜ. ಅವರ ಅಹವಾಲನ್ನು ಲಿಂಗಾಯತರಿರುವ 3ಬಿ ಪ್ರವರ್ಗದೊಳಗೆ ಕೇಳಬೇಕು. ಅಲ್ಲಿ ಪಾಲು ಕೊಡಬೇಕಾದವರು ಸಮಾಜದ ಉಳ್ಳವರೇ. ಅವರನ್ನು ಕೇಳಲು ಅಂಜಿ, ಕಚೇರಿಯ ಮೆಟ್ಟಿಲೇರಲೂ ಬಲವಿಲ್ಲದ ಅಲೆಮಾರಿಗಳ ತಟ್ಟೆಗೆ ಕೈ ಹಾಕುವುದು ಎಲ್ಲಿಯ ಧರ್ಮ?

ಆಯ್ದಕ್ಕಿ ಮಾರಯ್ಯ ಶರಣರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ತಾಯಿ ಅದನ್ನು ಒಲೆಗೆ ಏರಿಸಲಿಲ್ಲ, ಇದ್ದಲ್ಲಿಗೇ ಸುರಿದು ಬರಲು ಕಳುಹಿಸಿದರು. ಬೇಡ ಜಂಗಮರ ಪ್ರಮಾಣಪತ್ರ ಪಡೆದ ಭಕ್ತರಿಗೂ ತಹಶೀಲ್ದಾರರ ಕಚೇರಿಯ ದಾರಿ ಗೊತ್ತಿದೆ. ಮಕ್ಕಳು ಅದರ ಮೇಲೆ ಕಾಲೇಜಿನ ಸೀಟು ಕೇಳುವ ಮೊದಲೇ ಮರಳಿಸಿ ಬರಲಿ.