ಲೋಕೋತ್ಸವಕ್ಕೊಂದು ವಂತಿಗೆ

ರಾಮನಗರದ ಜಾನಪದ ಲೋಕದಲ್ಲಿ ಅದರ ಸ್ಥಾಪಕ ಎಚ್.ಎಲ್. ನಾಗೇಗೌಡರು ಕೂಡಿಸಿಟ್ಟ ನೇಗಿಲು, ಒನಕೆ, ತೊಗಲುಗೊಂಬೆಗಳಿವೆ. ಮರಕ್ಕೂ ತೊಗಲಿಗೂ ಗೆದ್ದಲು, ತೇವ ನಿತ್ಯದ ಶತ್ರು. 1994ರಲ್ಲಿ ಶುರುವಾದ ಈ ಸಂಗ್ರಹಾಲಯದ ಮುಂದೆಯೇ ಬೆಂಗಳೂರು–ಮೈಸೂರು ವಾಹನಗಳು ಹಾದುಹೋಗುತ್ತಿದ್ದವು. 2023ರಲ್ಲಿ ದಶಪಥ ಹೆದ್ದಾರಿ ಊರನ್ನು ಬಳಸಿಕೊಂಡು ಹೋದ ಮೇಲೆ ದಾರಿಹೋಕರ ಟಿಕೆಟ್ ದುಡ್ಡನ್ನೇ ನೆಚ್ಚುವಂತಿಲ್ಲ. ಹಾಗಾಗಿ ಇಲ್ಲಿ ವರ್ಷಕ್ಕೊಮ್ಮೆ ನಡೆಯುವ ಲೋಕೋತ್ಸವ ಬರೀ ಕುಣಿತದ ಸಂಭ್ರಮವಾಗಿ ಮುಗಿಯದೆ, ವಸ್ತುಗಳ ಜೋಪಾನಕ್ಕೆ ನಿಧಿ ಕೂಡಿಸುವ ಹಬ್ಬವೂ ಆಗಬೇಕು.

ಇದು ಸರ್ಕಾರದ ಹೊಣೆಯಲ್ಲವೇ? ಹೌದು, ಅನುದಾನ ಬರಲೇಬೇಕು. ಆದರೆ ಅದು ಬರುವವರೆಗೆ ಗೆದ್ದಲು ಕಾಯುವುದಿಲ್ಲ. ತೇರಿಗೆ ಮನೆಮನೆಯಿಂದ ವಂತಿಗೆ ಎತ್ತುವ ಊರುಗಳಿಗೆ ಈ ರೂಢಿ ಹೊಸದೂ ಅಲ್ಲ. ಕಲಾವಿದರ ಸಂಭಾವನೆಗೆ ಕತ್ತರಿ ಬಿದ್ದೀತೆಂಬ ಭಯ ಮಾತ್ರ ನ್ಯಾಯವಾದದ್ದು. ಸಂಭಾವನೆಯನ್ನು ಮುಟ್ಟದೆ, ವಂತಿಗೆಯನ್ನು ಬೇರೆ ಖಾತೆಯಲ್ಲಿಟ್ಟು, ಲೆಕ್ಕವನ್ನು ಬಾಗಿಲಲ್ಲೇ ಬರೆದು ಹಾಕಲಿ. ಮುಂದಿನ ಲೋಕೋತ್ಸವಕ್ಕೆ ಹೋಗುವವರು ಕೈಲಾದಷ್ಟು ಕೊಟ್ಟು ಬನ್ನಿ.